ಅಮ್ಮ ಸತ್ತ ಹನ್ನೊಂದು ದಿನ

ನಮ್ಮ ಹಟ್ಟಿಯ ಅಮ್ಮ ಸತ್ತದ್ದು ಬಸ್ಸಿನ ಟಾಪಿನ ಮೇಲೆ. ಅಮ್ಮ ಅಂದರೆ ಹೆತ್ತವಳಲ್ಲ, ದೇವತೆ. ದೇವತೆ ಎಲ್ಲಾದರೂ ಸಾಯುತ್ತಾಳೆಯೇ ಎಂದು ಕೇಳುವವರಿಗೆ ಇಷ್ಟು ಹೇಳುತ್ತೇನೆ: ಅವಳಿಗಾಗಿ ಹಟ್ಟಿಯ ಗಂಡಸರೆಲ್ಲ ತಲೆ, ಮೀಸೆ ಬೋಳಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಹನ್ನೊಂದು ದಿನ ನಾನು ಕೂತಲ್ಲಿ ಕೂರಲಿಲ್ಲ. ಆಗ ನಾನು ಒಂಬತ್ತು ತಿಂಗಳು ತುಂಬಿದ ಬಸುರಿ.

ನಯಾಪೈಸೆ ಬಂದ ಹೊಸತು. ಸಿರಾ ಪೇಟೆಯಿಂದ ಪಟ್ಟನಾಯಕನಹಳ್ಳಿ ಕಡೆಗೆ ಒಂದು ಹರಿದಾರಿ ನಡೆದು, ದಾರಿ ಬಿಟ್ಟು ಒಳಕ್ಕೆ ಹೋದರೆ ನಮ್ಮ ಹಟ್ಟಿ. ಇಪ್ಪತ್ತೆಂಟು ಮನೆ. ಎಲ್ಲರೂ ಕುರಿಯವರು, ಎಲ್ಲರೂ ಒಬ್ಬ ಅಜ್ಜನ ಸಂತಾನ. ಸುತ್ತ ಆಳೆತ್ತರದ ಮುಳ್ಳುಬೇಲಿ, ಒಂದೇ ಬಾಗಿಲು. ಬೇಲಿ ತೋಳಕ್ಕೆ ಎಂದು ಪೇಟೆಯವರು ಅಂದುಕೊಳ್ಳುತ್ತಿದ್ದರು. ತೋಳ ಹಾರಿ ಬರುತ್ತಿತ್ತು. ಬೇಲಿ ನಿಜವಾಗಿ ತಡೆಯುತ್ತಿದ್ದುದು ನಮ್ಮನ್ನು, ಹೆಂಗಸರನ್ನು.

ಬೇಲಿಯ ಒಳಗೆ ನಡುಮಧ್ಯದಲ್ಲಿ ಸೊಪ್ಪು ಹೊದಿಸಿದ ಗುಡಿಸಲು. ಅದರೊಳಗೆ ಅಮ್ಮ. ಅಮ್ಮ ಒಂದು ಮಡಕೆ. ಮಣ್ಣಿನದು, ಹೊಗೆ ಕುಡಿದು ಕರ್ರಗಾಗಿತ್ತು, ಬಾಯಿಗೆ ಕಂಬಳಿಯ ತುಂಡು. ಹಿಂದೆ ಯಾವುದೋ ಕಾಲದಲ್ಲಿ ನಮ್ಮವರು ಪಾವಗಡದ ಮೇಲಿಂದ ಕುರಿ ಹೊಡೆದುಕೊಂಡು ಬರುವಾಗ ಅಲ್ಲಿಯ ಕುಂಬಾರನೊಬ್ಬ ಮಾಡಿಕೊಟ್ಟದ್ದಂತೆ. ಮಡಕೆ ಬರಿದಾಗಬಾರದು, ನೆಲಕ್ಕೆ ತಾಗಬಾರದು, ಅದಿರುವ ಬೇಲಿಯೊಳಗೆ ಮೈಲಿಗೆ ಸುಳಿಯಬಾರದು. ಮುಟ್ಟಾದವಳು ಮೂರು ದಿನ ಬೇಲಿಯಾಚೆ. ಹೆತ್ತವಳು ಒಂದು ತಿಂಗಳು ಬೇಲಿಯಾಚೆ. ಆಚೆ ಅಂದರೆ, ಮಂಡಿಯೂರಿ ನುಗ್ಗಬೇಕಾದ ಒಂದು ಗರಿಯ ಗುಡ್ಲು.

ನನ್ನ ತವರು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಕಡೆ. ಅಲ್ಲಿ ಎರಡನೇ ಕ್ಲಾಸಿನವರೆಗೆ ಓದಿದೆ, ಆಮೇಲೆ ತಾಯಿ ಸತ್ತಳು, ಸ್ಲೇಟು ತಮ್ಮನ ಪಾಲಾಯಿತು. ತಾಯಿ ಇಲ್ಲದ್ದರಿಂದ ಚೊಚ್ಚಲ ಬಾಣಂತನವೂ ಅತ್ತೆಮನೆಯಲ್ಲೇ ಆಯಿತು. ಶ್ರಾವಣದ ಜಡಿಮಳೆ. ಗುಡ್ಲಿನ ಗರಿ ಸೋರಿ, ಕೆಳಗಿನ ಹುಲ್ಲು ನೆನೆದು, ಬೆಂಕಿ ಹೊಗೆಯಾಡಿತೇ ಹೊರತು ಹತ್ತಲಿಲ್ಲ. ಮಗು ಮೂರನೆಯ ದಿನ ಹಾಲು ಬಿಟ್ಟಿತು, ನಾಲ್ಕನೆಯ ದಿನ ತಣ್ಣಗಾಯಿತು. ಹೆಣ್ಣು. ನನ್ನ ಗಂಡ ಬೇಲಿಯ ಒಳಗಿಂದ ಕೇಳಿದ, ನಾನು ಆಚೆಯಿಂದ ಹೇಳಿದೆ. ಮಿಕ್ಕ ಇಪ್ಪತ್ತಾರು ದಿನ ಅಲ್ಲಿಯೇ ಒಬ್ಬಳೇ ಕೂತು ಮುಗಿಸಿದೆ, ಏಕೆಂದರೆ ಮಗು ಸತ್ತರೂ ಲೆಕ್ಕ ಲೆಕ್ಕವೇ.

ಇಷ್ಟು ಹೇಳಿದರೆ ಸಾಕು. ಎರಡನೆಯ ಸಲ ಬಸುರಾದಾಗ ಆ ಗುಡ್ಲಿನ ಕಡೆ ನಾನು ಮುಖ ಹಾಕಿ ನಡೆಯುತ್ತಿರಲಿಲ್ಲ.

ವರ್ಷಕ್ಕೊಂದು ಸಲ ಅಮ್ಮನನ್ನು ಕಳ್ಳಂಬೆಳ್ಳದ ಕೆರೆಗೆ ಹೊತ್ತು, ತೊಳೆದು, ಹೊಸ ನೀರು ತುಂಬಿ ತರಬೇಕು. ಹೊರುವವರು ಪೂಜಾರಿ. ಅವರು ನನ್ನ ಮಾವನ ಅಣ್ಣ. ಮಾವ ತೀರಿಕೊಂಡಿದ್ದರು, ಇವರನ್ನು ನಾನು ದೊಡ್ಡಮಾವ ಎನ್ನುತ್ತಿದ್ದೆ. ಹೋಗಿ ಬರಲು ಎಂಟು ಹತ್ತು ಹರಿದಾರಿ, ಬರಿಗಾಲು, ತಲೆಯ ಮೇಲೆ ತುಂಬಿದ ಮಡಕೆ. ಆ ವರ್ಷ ಅವರ ಅಂಗಾಲಿನಲ್ಲಿ ಕುರು ಎದ್ದಿತ್ತು. ಹೋಗುವಾಗ ಹೇಗೋ ನಡೆದರು. ಬರುವಾಗ ಕಾಲು ಊರಲಾಗದೆ ಬಸ್ಸಿಗೆ ಕೈ ಅಡ್ಡ ಹಾಕಿದರು. ಒಳಗೆ ಜನ ಕಿಕ್ಕಿರಿದಿತ್ತು. ಮಡಕೆ ಕೆಳಗಿಡು ಎಂದ ಕಂಡಕ್ಟರ್. ಕೆಳಗಿಡುವ ಹಾಗಿಲ್ಲ ಎಂದರು ಇವರು. ಹಾಗಾದರೆ ಟಾಪಿಗೆ ಹತ್ತು ಎಂದ. ಅಮ್ಮನನ್ನು ತಲೆಯ ಮೇಲೆಯೇ ಇಟ್ಟುಕೊಂಡು, ಮೂಟೆಗಳ ನಡುವೆ ಕಾಲು ನೀಡಿ ಕೂತರು. ಸಿರಾ ದಾರಿಯ ಎರಡೂ ಕಡೆ ಹುಣಸೆಮರ. ಒಂದು ಕೊಂಬೆ ಕೆಳಗೆ ಬಾಗಿತ್ತು. ದೊಡ್ಡಮಾವ ತಲೆ ತಗ್ಗಿಸಿದರು. ಅಮ್ಮನಿಗೆ ತಗ್ಗಿ ಅಭ್ಯಾಸವಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಕುಂಟುತ್ತಾ ಬಂದು ಬೇಲಿಯ ಬಾಗಿಲಲ್ಲೇ ನಿಂತರು. ಹೆಗಲ ಮೇಲೆ ಕಂಬಳಿ ಗಂಟು.

"ಅಮ್ಮ ಹೋಗ್ಬುಟ್ಲು ಕಣ್ರಪ್ಪೋ," ಎಂದರು.

ಹಟ್ಟಿಯ ಯಜಮಾನ ಹಲ್ಲುಜ್ಜುತ್ತಿದ್ದವನು ಬೇವಿನ ಕಡ್ಡಿ ಕಚ್ಚಿಕೊಂಡೇ ಬಂದ. "ಎಲ್ಲಿಗೋದ್ಲು?"

"ಎಲ್ಲಿಗೂ ಇಲ್ಲ ಕಣ್ಲಾ. ಇಲ್ಲವ್ಳೆ." ಗಂಟು ಬಿಚ್ಚಿ ತೋರಿಸಿದರು. ಕರಿ ಬೋಕಿಗಳು, ಒಡೆದ ಮಡಕೆಯ ಚೂರುಗಳು. ಒಂದೊಂದನ್ನೂ ದಾರಿಯಲ್ಲಿ ಹುಡುಕಿ ಆಯ್ದಿದ್ದರು.

ಯಜಮಾನ ದೊಡ್ಡ ಮಾತುಗಾರ. ಬಾಯಿಂದ ಕಡ್ಡಿ ತೆಗೆದು, "ಮಡಕೆ ಒಡೀತು ಅಷ್ಟೇ ಅಲ್ವೇನಣ್ಣ? ಇನ್ನೊಂದು ತಂದು ಇಕ್ಕಾನ ಬುಡು," ಎಂದ.

"ನಿಮ್ಮವ್ವ ಸತ್ತಾಗ ಇನ್ನೊಂದು ತಂದ್ಯೇನ್ಲಾ?" ಎಂದರು ದೊಡ್ಡಮಾವ. "ಮೊದ್ಲು ಮಣ್ಣು ಮಾಡು. ತಿಥಿ ಮಾಡು. ಆಮೇಲೆ ಹೊಸಬಳ ಮಾತು."

ಹಾಗೆ ತೀರ್ಮಾನವಾಯಿತು. ಬೋಕಿಗಳನ್ನು ಬೇಲಿಯಾಚೆ ಹೂತರು. ಹೆತ್ತತಾಯಿ ಸತ್ತರೆ ಗಂಡುಮಕ್ಕಳು ಏನು ಮಾಡಬೇಕೋ ಅದನ್ನೆಲ್ಲ ಮಾಡಿದರು. ಕ್ಷೌರದವನು ಬಂದು, ಸಾಲಾಗಿ ಕೂತವರನ್ನು ನೋಡಿ, "ಕುರಿ ಉಣ್ಣೆ ಕತ್ತರಿಸೋ ಕಾಲ ಇದಲ್ವಲ್ಲ," ಎಂದು ಕೇಳಿ ಬೈಸಿಕೊಂಡ. ನನ್ನ ಗಂಡ ಬೋಳುತಲೆಯಲ್ಲಿ ಒಳಗೆ ಬಂದಾಗ ನಾನು ಯಾರೋ ಎಂದುಕೊಂಡು ಸೆರಗು ಎಳೆದುಕೊಂಡೆ. ಮೀಸೆ ಹೋದ ಮೇಲೆ ಅವನಿಗೆ ಮೇಲ್ತುಟಿಯೇ ಇಲ್ಲ ಎಂದು ತಿಳಿಯಿತು. ಮೂರು ವರ್ಷ ಸಂಸಾರ ಮಾಡಿದ್ದೆ.

ಹೊಸ ಮಡಕೆ ಅದೇ ಕುಂಬಾರನ ವಂಶದವರ ಕೈಯಲ್ಲೇ ಆಗಬೇಕಿತ್ತು. ತಪ್ಪು ನನ್ನದು, ನಾನೇ ತರುತ್ತೇನೆ ಎಂದು ಕುರು ಒಡೆದ ಕಾಲಿಗೆ ಬಟ್ಟೆ ಸುತ್ತಿಕೊಂಡು ದೊಡ್ಡಮಾವ ಮೂರನೆಯ ದಿನ ಪಾವಗಡಕ್ಕೆ ಹೊರಡುವವರಿದ್ದರು. ಎರಡನೆಯ ದಿನ ಮಧ್ಯಾಹ್ನ ನಡೆದದ್ದು ಇದು. ಪಕ್ಕದ ಮನೆಯ ಸೊಸೆ ಮುಟ್ಟಾಗಿ, ಚಾಪೆ ಸುತ್ತಿಕೊಂಡು ಎಂದಿನಂತೆ ಬೇಲಿಯಾಚೆಗೆ ಹೊರಟಳು. ಬಾಗಿಲ ಬಳಿ ಕೂತಿದ್ದ ದೊಡ್ಡಮಾವ ತಲೆ ಎತ್ತದೆ ಕೇಳಿದರು:

"ಎಲ್ಲಿಗಮ್ಮ?"

ಅವಳು ನಾಚಿಕೆಯಿಂದ ಚಾಪೆ ತೋರಿಸಿದಳು.

"ಸತ್ತ ಮನೇಲಿ ಎಲ್ಲಾರೂ ಮೈಲಿಗೇಲೇ ಕುಂತವ್ರೆ. ನೀನೊಬ್ಳು ಆಚೆ ಹೋಗಿ ಯಾರ್‍ನ ಕಾಪಾಡ್ಬೇಕು? ಒಳೀಕೆ ಅಮ್ಮ ಇಲ್ಲ. ಹೋಗು, ಮನೇಲಿ ಮನಿಕೊ."

ಅವಳು ವಾಪಸು ಬಂದಳು. ನಾನು ರಾಗಿ ಕೇರುತ್ತಿದ್ದೆ. ಮೊರ ಕೈಯಲ್ಲೇ ನಿಂತಿತು. ಅವಳು ಒಳಗೆ ಮಲಗಬಹುದಾದರೆ, ನಾನು ಒಳಗೆ ಹೆರಬಹುದು. ಹನ್ನೊಂದನೆಯ ದಿನ ತಿಥಿ ಮುಗಿದು ಹೊಸ ಮಡಕೆ ಬೇಲಿ ದಾಟುವವರೆಗೆ. ಆಮೇಲೆ ಇಲ್ಲ.

ಅತ್ತೆಗೆ ಹೇಳಿದೆ. ಹಟ್ಟಿಯ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದವಳು ಅವಳೇ. ತಾನು ಆ ಗುಡ್ಲಿನಲ್ಲಿ ಏಳು ಹೆತ್ತು ನಾಲ್ಕನ್ನು ಒಳಗೆ ತಂದವಳು. ನನ್ನ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ನೋಡಿ, "ಇನ್ನೂ ಮೇಲೇ ಅದೆ," ಎಂದಳು. "ಹನ್ನೊಂದ್ರೊಳಗೆ ಬಂದ್ರೆ ಒಳಗೆ. ಹನ್ನೆರಡಕ್ಕೆ ಬಂದ್ರೆ ಆಚೆ. ನನ್‌ಕೈಲಿ ಏನದೆ? ಮಗೀಗೆ ಹೇಳು."

ಮಗುವಿಗೆ ಹೇಳಿದೆ. ಬೈದೂ ಹೇಳಿದೆ. ಅದು ಕೇಳಲಿಲ್ಲ.

ಮೂರನೆಯ ದಿನದಿಂದ ನಾನು ಶುರು ಮಾಡಿದೆ. ಬಾವಿಗೆ ದಿನಕ್ಕೆರಡು ಸಲ ಹೋಗುತ್ತಿದ್ದವಳು ಎಂಟು ಸಲ ಹೋದೆ. ನಮ್ಮ ರಾಗಿ ಬೀಸಿ ಮುಗಿಸಿ ಪಕ್ಕದ ಮನೆಯದನ್ನು ಬೀಸಿದೆ. ಜೀರಿಗೆ, ಮೆಣಸು ಹುರಿದು ಕಷಾಯ ಕುಡಿದೆ. ಹರಳೆಣ್ಣೆ ಕುಡಿದೆ, ಅದರಿಂದ ಬೇರೇನೋ ಆಯಿತು, ಆಗಬೇಕಾದ್ದು ಆಗಲಿಲ್ಲ. ಹಟ್ಟಿಯ ಹಿಂದಿನ ದಿಬ್ಬ ಹತ್ತಿ ಇಳಿದೆ, ಮತ್ತೆ ಹತ್ತಿದೆ. ಮೇಲೆ ನಿಂತರೆ ಬೇಲಿ, ಬೇಲಿಯಾಚೆ ಗುಡ್ಲು, ಎರಡೂ ಒಟ್ಟಿಗೆ ಕಾಣುತ್ತಿದ್ದವು. ಪಾವಗಡದ ಕಡೆಯ ದಾರಿಯನ್ನೂ ನೋಡುತ್ತಿದ್ದೆ. ಅದರಲ್ಲಿ ಒಬ್ಬ ಬೋಳುತಲೆಯ ಮುದುಕ ನಡೆಯುತ್ತಿದ್ದಾನೆ. ಅವನು ಕುಂಟಿದಷ್ಟೂ ನನಗೆ ಒಳ್ಳೆಯದು ಎಂದು ಅಂದುಕೊಂಡೆ. ಅಂದುಕೊಂಡದ್ದನ್ನು ಈಗ ಮುಚ್ಚಿಡುವುದಿಲ್ಲ.

ಆರನೆಯ ದಿನ ಸಿರಾದ ಬಳೆಗಾರ್ತಿ ಬಂದಳು. ಸಾಬರ ಹೆಂಗಸು, ನಮ್ಮ ಹಟ್ಟಿಗೆ ಮೊದಲಿಂದಲೂ ಬರುತ್ತಿದ್ದಳು. ಬಳೆಯ ಮಲಾರ ಇಳಿಸಿ, ಸುತ್ತ ನೋಡಿ, ಬಾಯಿಗೆ ಸೆರಗು ಹಿಡಿದಳು.

"ಅರೆ, ನಿಮ್ಮ ಗಂಡಸ್ರೆಲ್ಲಾ ಹಜ್ ಮಾಡ್ಕೊಂಡ್ ಬಂದ್ರಾ?"

"ನಮ್ಮಮ್ಮ ಸತ್ತೋದ್ಲು ಕಣಮ್ಮ," ಎಂದಳು ಅತ್ತೆ. "ಮನೆಮನೇಲೂ ಸೂತಕ. ಬಳೆ ತೊಡಂಗಿಲ್ಲ."

"ಯಾವಮ್ಮ?"

"ಎಲ್ಲಾರ್‍ದೂ ಒಬ್ಳೇ ಅಮ್ಮ."

ಅವಳು ಅರ್ಥವಾದವಳಂತೆ ತಲೆಯಾಡಿಸಿದಳು, ಅರ್ಥವಾಗಿರಲಿಲ್ಲ. ಆಮೇಲೆ ನಾನು ಒನಕೆ ಕೆಳಗಿಡದೆ ಕುಟ್ಟುತ್ತಿದ್ದುದನ್ನು ನೋಡಿ, "ಇವ್ಳಿಗೇನಾಗದೆ? ಈ ಹೊಟ್ಟೇಲಿ ಇಂಗೆ ಕುಟ್ತಾಳೆ?" ಎಂದಳು. ಹೇಳಿದೆ. ನಾನು ಆ ಮಾತನ್ನು ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು. ಹೇಳಿ, "ನಿಮ್ಮೋರು ಎಲ್ಲಿ ಹೆರ್‍ತಾರೆ?" ಎಂದು ಕೇಳಿದೆ.

"ಮನೇಲಿ. ಇನ್ನೆಲ್ಲಿ, ಮಸೀದೀಲಾ?"

ಅತ್ತೆ ನಕ್ಕುಬಿಟ್ಟಳು. ಸೂತಕದ ಹಟ್ಟಿಯಲ್ಲಿ ಮೊದಲ ನಗು ಅದು. ಬಳೆಗಾರ್ತಿ ತನ್ನ ಗಂಟಿನಿಂದ ಒಂದು ಹಿಡಿ ಖರ್ಜೂರ ತೆಗೆದು ನನ್ನ ಮಡಿಲಿಗೆ ಹಾಕಿದಳು. ನಮ್ಮಲ್ಲಿ ತಿಂಗಳು ತುಂಬಿದವರಿಗೆ ಇದನ್ನೇ ಕೊಡೋದು, ದಿನಕ್ಕೆ ಆರು ತಿನ್ನು, ಅಲ್ಲಾ ಸುಲಭ ಮಾಡ್ತಾನೆ ಎಂದಳು. ನಾನು ಅಷ್ಟನ್ನೂ ಅವತ್ತೇ ತಿಂದೆ.

ಏಳು, ಎಂಟು, ಒಂಬತ್ತು. ಏನೂ ಇಲ್ಲ. ರಾತ್ರಿ ನಿದ್ದೆ ಇಲ್ಲ, ಹಗಲು ಕೂರಲು ಆಗದು. ಗಂಡ, "ಲೇ, ಒಂದ್ಕಡೆ ಕೂತ್ಕೊಳ್ಳೇ, ನಿನ್ನ ನೋಡಿ ನೋಡಿ ನಂಗೇ ನೋವು ಬತ್ತಾ ಅದೆ," ಎಂದ. "ನಿಂಗೇ ಬರ್‍ಲಿ, ಇವತ್ತೇ ಬರ್‍ಲಿ," ಎಂದೆ. ಹತ್ತನೆಯ ದಿನ ಸಂಜೆ ಅತ್ತೆ ನನ್ನನ್ನು ಏನೂ ಕೇಳದೆ ಬೇಲಿಯಾಚೆ ಹೋಗಿ ಗುಡ್ಲಿನ ಗರಿ ಬದಲಾಯಿಸಿ ಬಂದಳು. ಅವಳ ಕೈಯಲ್ಲಿ ಗರಿಯ ದೂಳು ನೋಡಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಗಂಡಸರು ತಿಥಿಯ ಅಡಿಗೆಗೆ ಒಲೆ ಹೂಡುತ್ತಿದ್ದಾಗ ಸೊಂಟ ಹಿಡಿಯಿತು. ಮೊದಲು ಹರಳೆಣ್ಣೆ ಎಂದುಕೊಂಡೆ. ಎರಡನೆಯ ಸಲ ಹಿಡಿದಾಗ ಗೋಡೆ ಹಿಡಿದು ನಕ್ಕೆ. ಹೆರಿಗೆ ನೋವಿಗೆ ನಕ್ಕವಳು ಆ ಹಟ್ಟಿಯಲ್ಲಿ ನಾನೊಬ್ಬಳೇ ಇರಬೇಕು. ಆಮೇಲೆ ನಗು ನಿಂತಿತು, ಏಕೆಂದರೆ ನೋವು ಬಂತೇ ಹೊರತು ಮಗು ಇಳಿಯಲಿಲ್ಲ. ಹೊತ್ತು ನೆತ್ತಿಗೆ ಬಂತು. ತಿಥಿ ಮುಗಿಯಿತು, ಎಡೆ ಇಟ್ಟರು, ಉಂಡರು. ಎಲೆ ಎತ್ತುವ ಹೊತ್ತಿಗೆ ದಿಬ್ಬದ ಮೇಲಿಂದ ಯಾರೋ ಕೂಗಿದರು:

"ದೊಡ್ಡಪ್ಪ ಬಂದ! ಅಮ್ಮ ಬಂದ್ಲು!"

ದೊಡ್ಡಮಾವ ಅಷ್ಟು ದೂರ ಹೋಗಿ ಬಂದದ್ದೂ ನಡೆದೇ. ಕಾಲು ಕೆಟ್ಟಿರುವುದನ್ನು ನೋಡಿ ಕುಂಬಾರ, "ಬಸ್ಸೆಕ್ಕಿ ಪೋ ಅಯ್ಯಾ," ಎಂದು ತನ್ನ ತೆಲುಗಿನಲ್ಲಿ ಹೇಳಿ ಬಸ್ಸು ಹತ್ತಿಸಲು ನೋಡಿದನಂತೆ. "ಬಸ್ಸಾ? ವದ್ದಪ್ಪಾ ವದ್ದು!" ಬೇಡವೇ ಬೇಡ ಎಂದು ತೆಲುಗಿನಲ್ಲೇ ಕೂಗಿ ಇವರು ಓಡಿಯೇ ಬಿಟ್ಟರಂತೆ. ಈಗ ಬಂದು ಬೇಲಿಯ ಬಾಗಿಲಲ್ಲಿ ನಿಂತಿದ್ದರು, ತಲೆಯ ಮೇಲೆ ಹೊಸ ಕೆಂಪು ಮಡಕೆ. ನೀರು ತುಂಬಿ ಒಳಗೆ ತಂದರೆ ಅಮ್ಮ, ಅಲ್ಲಿಯವರೆಗೆ ಮಡಕೆ. ಯಜಮಾನ ನೀರಿನ ಬಿಂದಿಗೆ ಹಿಡಿದು ಸಿದ್ಧನಾಗಿದ್ದ. ನಮ್ಮ ಮನೆ ಬಾಗಿಲಿಗೆ ಹತ್ತಿರ. ಅವನು ಆಡಿದ್ದೆಲ್ಲ ನನಗೆ ಕೇಳುತ್ತಿತ್ತು.

"ಆ ಹೆಂಗ್ಸನ್ನ ಆಚೆಗೆ ಕಳ್ಸಿ. ಸೂತಕ ಕಳೀತು. ನೀರು ತುಂಬ್ಬೇಕು."

ಗಂಡ, "ನಡಿಯೋ ಸ್ಥಿತೀಲಿಲ್ಲ ಚಿಕ್ಕಪ್ಪ," ಎಂದ.

"ಹೊತ್ಕೊಂಡೋಗು. ನಿಮ್ಮವ್ವ ಹೋಗ್ಲಿಲ್ವಾ? ನಮ್ಮವ್ವ ಹೋಗ್ಲಿಲ್ವಾ?"

ಆಗ ನನ್ನ ಬೆನ್ನು ಹಿಡಿದಿದ್ದ ಅತ್ತೆ ಕೈ ಬಿಟ್ಟಳು. ಎಬ್ಬಿಸುತ್ತಾಳೆ, ಆಯಿತು ಇನ್ನು ಗುಡ್ಲಿಗೆ ಎಂದುಕೊಂಡೆ. ಅವಳು ಎದ್ದು ಬಾಗಿಲಿಗೆ ಹೋದಳು. ಇದನ್ನು ಸ್ವಲ್ಪ ತಿಳಿಸಿ ಹೇಳಬೇಕು. ದೊಡ್ಡಮಾವ ಅವಳಿಗೆ ಬಾವ. ಗಂಡನ ಅಣ್ಣನ ಎದುರಿಗೆ ನಮ್ಮಲ್ಲಿ ಹೆಂಗಸು ಮಾತಾಡುವುದಿಲ್ಲ. ಮೂವತ್ತು ವರ್ಷದಲ್ಲಿ ಅವಳು ಅವರೊಂದಿಗೆ ಒಂದು ಮಾತಾಡಿದ್ದು ಯಾರೂ ಕಂಡಿರಲಿಲ್ಲ. ಏನಾದರೂ ಹೇಳಬೇಕಿದ್ದರೆ ಕಂಬಕ್ಕೆ ಹೇಳುತ್ತಿದ್ದಳು, ಅವರು ಕೇಳಿಸಿಕೊಳ್ಳುತ್ತಿದ್ದರು. ಅವತ್ತು ಕಂಬ ಬಿಟ್ಟು ನೇರವಾಗಿ ಹೇಳಿದಳು:

"ಬಾವ, ಹೆರಿಗೆ ಆಯ್ತು. ಮಗು ಹುಟ್ತು."

ನಾನು ಒಳಗೆ ಬಾಯಿಗೆ ಸೆರಗು ತುರುಕಿಕೊಂಡೆ. ನನ್ನ ಮಗು ಎಲ್ಲಿತ್ತೋ ಅಲ್ಲಿಯೇ ಇತ್ತು.

ಹೊರಗಿಂದ ದೊಡ್ಡಮಾವ ಕೇಳಿದರು, "ಅಳು ಕೇಳಿಸ್ನಿಲ್ವಲ್ಲಮ್ಮ?"

"ಅಳ್ತದೆ. ಈಗ್ತಾನೆ ಬಂದದೆ, ಸುತ್ತ ನೋಡ್ತಾ ಅದೆ."

"ಏನು ಮಗು?"

ಅವಳು ಒಂದು ಗಳಿಗೆಯೂ ತಡಮಾಡಲಿಲ್ಲ. "ಹೆಣ್ಣು."

ಅವಳು ಏನು ಮಾಡಿದಳೆಂದು ನನಗೆ ಅರ್ಥವಾದದ್ದು ಯಜಮಾನ ತಲೆ ಚಚ್ಚಿಕೊಂಡಾಗ. ಸಾವಿಗೆ ಸೂತಕ ಇದ್ದ ಹಾಗೆ ಹುಟ್ಟಿಗೆ ಪುರುಡು. ಅದೂ ಹನ್ನೊಂದು ದಿನ, ಅದೂ ಇಡೀ ವಂಶಕ್ಕೆ. ಬೇಲಿಯಾಚೆ ಹೆತ್ತರೆ ಪುರುಡು ಆಚೆಯೇ ಉಳಿಯುತ್ತದೆ ಎಂದು ನಮ್ಮನ್ನು ಆಚೆಗೆ ಹಾಕುತ್ತಿದ್ದರು. ಬೇಲಿಯೊಳಗೆ ಹುಟ್ಟಿದರೆ ಎಲ್ಲರಿಗೂ ತಗಲಿತು. ಯಜಮಾನನಿಗೂ, ಅವನ ಬಿಂದಿಗೆಗೂ, ಪೂಜಾರಿಗೂ.

"ಅಂಗಾದ್ರೆ ನಂಗೂ ಪುರುಡು ಬಂತು," ಎಂದರು ದೊಡ್ಡಮಾವ. ನಿಧಾನಕ್ಕೆ, ಒಂದೊಂದೇ ಮಾತು. "ನಾನಿನ್ನು ಅಮ್ಮನ್ನ ಒಳೀಕೆ ತರಂಗಿಲ್ಲ."

"ಮಗು ಕಂಡೋರ್‍ಯಾರು ಅಣ್ಣ? ಆಕೆ ಹೇಳಿದ್ಲು ಅಂತ..."

"ನೀನು ಒಳೀಕೋಗಿ ನೋಡ್ತೀಯೇನ್ಲಾ?"

ಗಂಡಸು ಹೆರಿಗೆ ಕೋಣೆಗೆ ಹೋಗಿ ನೋಡುವುದುಂಟೇ? ಯಜಮಾನ ಬಿಂದಿಗೆಯ ನೀರನ್ನು ಅಲ್ಲಿಯೇ ಚೆಲ್ಲಿದ. ನೆಲಕ್ಕೆ ಇಡುವ ಹಾಗಿಲ್ಲದ್ದರಿಂದ ದೊಡ್ಡಮಾವ ಮಡಕೆಯನ್ನು ಹುರಿಯ ನೆಲುವಿನಲ್ಲಿ ಕೂರಿಸಿ ಬಾಗಿಲಾಚೆಯ ಬೇವಿನ ಮರಕ್ಕೆ ನೇತುಹಾಕಿದರು.

ಮಗು ಹುಟ್ಟಿದ್ದು ಕುರಿ ಹಟ್ಟಿಗೆ ಬರುವ ಹೊತ್ತಿಗೆ. ಕುರಿಗಳ ಗದ್ದಲದಲ್ಲಿ ಅದರ ಅಳು ಯಾರಿಗೂ ಬೇರೆಯಾಗಿ ಕೇಳಿಸಲಿಲ್ಲ. ಒಣಗಿದ ನೆಲ, ಉರಿಯುವ ಒಲೆ, ಬಿಸಿನೀರು. ಅತ್ತೆ ಎತ್ತಿ ನೋಡಿ, "ಥೂ, ಗಂಡು," ಎಂದಳು.

ಮಾರನೆಯ ದಿನ ಹಟ್ಟಿಗೆಲ್ಲ ಗೊತ್ತಾಯಿತು. ಯಜಮಾನ ದೊಡ್ಡಮಾವನನ್ನು ಹಿಡಿದುಕೊಂಡ. "ಹೆಣ್ಣು ಅಂದಿದ್ರಲ್ಲ ಅಣ್ಣ? ಈಗ ಗಂಡಂತೆ?"

ದೊಡ್ಡಮಾವ ಕಾಲಿಗೆ ಬೇವಿನೆಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದರು. "ನೆನ್ನೆ ಹೆಣ್ಣಿತ್ತೇನೋ ಕಣ್ಲಾ. ಅಮ್ಮ ಇಲ್ಲದ ಹಟ್ಟಿ. ಏನ್ ಬೇಕಾದ್ರೂ ಆಯ್ತದೆ."

ಪುರುಡು ಕಳೆಯುವ ಎರಡು ದಿನ ಮುಂಚೆ ಆ ಯಜಮಾನನ ಸೊಸೆಗೇ ನೋವು ಬಂತು. ಅವಳು ಆಚೆಗೆ ಹೋಗಲು ಒಪ್ಪಲಿಲ್ಲ. ಒಳಗೆ ಅಮ್ಮ ಇಲ್ಲವಲ್ಲ, ಮರದಲ್ಲಿದ್ದಾಳಲ್ಲ ಎಂದಳು. ಅವಳನ್ನು ಹೊತ್ತುಕೊಂಡು ಹೋಗು ಎಂದು ಯಜಮಾನ ಮಗನಿಗೆ ಹೇಳಲಿಲ್ಲ. ಮತ್ತೆ ಹನ್ನೊಂದು ದಿನ. ಅದು ಮುಗಿಯುವಷ್ಟರಲ್ಲಿ ಒಬ್ಬ ಮುದುಕ ಸತ್ತ. ಅವನ ಸೂತಕ ಮುಗಿಯುವ ಮುಂಚೆ ಇನ್ನೊಬ್ಬಳು ಹೆತ್ತಳು. ಇಪ್ಪತ್ತೆಂಟು ಮನೆ, ಒಂದೇ ವಂಶ. ಯಾರಾದರೂ ಹುಟ್ಟುತ್ತಲೇ ಇದ್ದರು, ಯಾರಾದರೂ ಸಾಯುತ್ತಲೇ ಇದ್ದರು. ನಡುನಡುವೆ ಖಾಲಿ ದಿನಗಳು ಸಿಕ್ಕವು, ಇಲ್ಲವೆನ್ನುವುದಿಲ್ಲ. ಆಗ ದೊಡ್ಡಮಾವನಿಗೆ ಕಾಲು ನೋವು ಬರುತ್ತಿತ್ತು. ವರ್ಷ ತಿರುಗುವಷ್ಟರಲ್ಲಿ ಗುಡ್ಲಿನ ಗರಿಯನ್ನು ಕುರಿಮರಿಗಳು ತಿಂದು ಮುಗಿಸಿದವು. ಮತ್ತೆ ಹೊದಿಸಿದವರಿಲ್ಲ.

ದೊಡ್ಡಮಾವ ಸತ್ತದ್ದು ಅದಾದ ಏಳೆಂಟು ವರ್ಷಕ್ಕೆ, ಅವರಾದ ಮೇಲೆ ಮಡಕೆ ಹೊರಲು ಯಾರೂ ಮುಂದೆ ಬರಲಿಲ್ಲ. ಕೊನೆಗಾಲದಲ್ಲಿ ಅತ್ತೆಯೇ ಗಂಜಿ ಕುಡಿಸುತ್ತಿದ್ದಳು, ಮಾತು ಮಾತ್ರ ಮತ್ತೆ ಕಂಬಕ್ಕೇ. ಒಂದು ದಿನ ಅವರು ಕೇಳಿದರು, "ಅವತ್ತು ಮಗು ಹುಟ್ಟಿತ್ತೇನಮ್ಮ?" ಅತ್ತೆ ಕಂಬದ ಕಡೆ ತಿರುಗಿ, "ಗಂಜಿ ಆರೋಯ್ತದೆ, ಕುಡೀಬೇಕು," ಎಂದಳು. ಅವರು ಕುಡಿದರು.

ಅತ್ತೆ ಒಳ್ಳೆಯವಳು ಎಂದು ಹೇಳಲಾರೆ. ಸಾಯುವ ತನಕ ನನ್ನ ಮುದ್ದೆಯಲ್ಲಿ ಗಂಟು ಹುಡುಕಿದಳು. ಮಗನಿಗೆ ಜ್ವರ ಬಂದಾಗಲೆಲ್ಲ, "ಅಮ್ಮನ್ನ ಆಚೆ ನಿಲ್ಲಿಸ್ದೆ ನೋಡು," ಎಂದು ನನ್ನ ಮೇಲೆಯೇ ಹಾಕುತ್ತಿದ್ದಳು, ನಿಲ್ಲಿಸಿದವಳು ತಾನೇ ಆಗಿದ್ದರೂ. ನಾನೂ ಸುಮ್ಮನಿರುತ್ತಿರಲಿಲ್ಲ, ಆದರೆ ಜ್ವರ ಇಳಿಯುವವರೆಗೆ ಬೇವಿನ ಮರದ ಕಡೆ ಹತ್ತು ಸಲ ನೋಡುತ್ತಿದ್ದೆ.

ವರ್ಷಕ್ಕೊಂದು ಸಲ, ಕಳ್ಳಂಬೆಳ್ಳದ ಕೆರೆಗೆ ಹೋಗುತ್ತಿದ್ದ ದಿನ, ಅವಳು ಯಾರಿಗೂ ಹೇಳದೆ ಮರದ ನೆಲುವಿನ ಹುರಿ ಬದಲಾಯಿಸುತ್ತಿದ್ದಳು. ಏಕೆ ಎಂದು ಒಮ್ಮೆ ಕೇಳಿದೆ. "ಬಿದ್ದು ಒಡೆದ್ರೆ ಮತ್ತೆ ತಲೆ ಬೋಳಿಸ್ಕೊಂಡು ಕೂರ್‍ತಾರೆ ಇವ್ರು," ಎಂದಳು. ಮಡಕೆಯಲ್ಲಿ ನೀರಿರಲಿಲ್ಲ. ಒಳಗೆ ಗುಬ್ಬಿ ಗೂಡು ಕಟ್ಟಿತ್ತು.

ಅವಳು ಹೋದ ಮೇಲೆ ಹುರಿಯನ್ನು ನಾನು ಬದಲಾಯಿಸುತ್ತಿದ್ದೇನೆ. ಬೆಳಿಗ್ಗೆ ಹೋಗಿ, ಹೊಸ ಗಂಟನ್ನು ಎರಡು ಸಲ ಎಳೆದು ನೋಡಿ, ಬೇಗ ಬಂದುಬಿಡುತ್ತೇನೆ.